ದೋಟಿಯ ತುದಿಯೂ ನಿಮ್ಮ ಕೈಯೇ

ಮಕ್ಕಳೇ, ಜೂನ್ ಬಂತೆಂದರೆ ನಮ್ಮ ಕಾಸರಗೋಡಿನ ಕಡೆ ಎರಡು ಕೆಲಸ ಒಟ್ಟಿಗೇ ಸುರುವಾಗುತ್ತವೆ. ಒಂದು ನಿಮ್ಮ ಶಾಲೆ, ಇನ್ನೊಂದು ಅಡಿಕೆ ತೋಟಕ್ಕೆ ಮದ್ದು ಬಿಡುವುದು. ಕೊಳೆರೋಗ ಬಾರದ ಹಾಗೆ ಮಳೆ ಹಿಡಿಯುವ ಮೊದಲು ಒಮ್ಮೆ ಬೋರ್ಡೋ ದ್ರಾವಣ ಬಿಡಬೇಕು, 40-45 ದಿನ ಕಳೆದು ಮತ್ತೊಮ್ಮೆ. ಮಳೆಗಾಲ ಮುಗಿದ ಮೇಲೆ ಕೊಯ್ಲು. ಮೊದಲು ಇದಕ್ಕೆಲ್ಲ ಮರ ಹತ್ತುವವರು ಇದ್ದರು. ಈಗ ಅವರು ಸಿಗುವುದು ಕಷ್ಟ. ಹಾಗಾಗಿ ನೆಲದಲ್ಲಿ ನಿಂತೇ ಮದ್ದು ಬಿಡುವ, ಗೊನೆ ಕೊಯ್ಯುವ 60 ಅಡಿ, 70 ಅಡಿಯ ದೋಟಿಗಳು ಊರೂರಿಗೆ ಬಂದಿವೆ. ಮರದಿಂದ ಬೀಳುವ ಅಪಾಯ ಇದರಿಂದ ಕಡಿಮೆಯಾಗಿದೆ, ಸಂತೋಷ. ಆದರೆ ಅದೇ ತೋಟದ ಮೇಲಿನಿಂದ ಕರೆಂಟಿನ ಲೈನ್ ಹೋಗಿರುತ್ತದಲ್ಲ?

ನಿಮ್ಮ ಮನೆಯಲ್ಲಿ ಅಪ್ಪನೋ ಮಾವನೋ ಕೆಲಸಕ್ಕೆ ಬಂದ ಅಣ್ಣನೋ ದೋಟಿ ಹಿಡಿದಿರುತ್ತಾರೆ. ನೀವು ಕೆಳಗೆ ಅಡಿಕೆ ಹೆಕ್ಕುತ್ತಾ ಇರುತ್ತೀರಿ. ದೋಟಿ ಹಿಡಿದವರ ಕಣ್ಣು ಪೂರಾ ಗೊನೆಯಲ್ಲಿ. ಅಷ್ಟು ಉದ್ದದ ಕೋಲಿನ ತುದಿಯನ್ನು ಸೋಗೆಯ ಎಡೆಯಲ್ಲಿ ಸರಿಯಾಗಿ ಸಿಕ್ಕಿಸಬೇಕಾದರೆ ಬೇರೆ ಕಡೆ ನೋಡಲಿಕ್ಕೇ ಆಗುವುದಿಲ್ಲ. ಲೈನ್ ನೋಡುವ ಕಣ್ಣು ಇನ್ನೊಬ್ಬರದ್ದು ಆಗಬೇಕು. ಆ ಇನ್ನೊಬ್ಬರು ಅನೇಕ ಸಲ ನೀವೇ ಆಗಿರುತ್ತೀರಿ. ಅದಕ್ಕಾಗಿ ಈ ಪಾಠ. "ಕರೆಂಟ್ ಮುಟ್ಟಬೇಡ" ಅಂತ ನಿಮಗೆ ಒಂದನೇ ಕ್ಲಾಸಿನಿಂದ ಹೇಳಿ ಆಗಿದೆ. ಯಾಕೆ, ಎಷ್ಟು ದೂರ, ಯಾವಾಗ ಎಂಬುದನ್ನು ಈಗ ಲೆಕ್ಕ ಹಾಕಿ ನೋಡುವ.

ಕಾಗೆಗೆ ಯಾಕೆ ಏನೂ ಆಗುವುದಿಲ್ಲ?

ಲೈನಿನ ಮೇಲೆ ಕಾಗೆ ಕೂತಿರುತ್ತದೆ. ಆ ತಂತಿಗೆ ಯಾವ ಹೊದಿಕೆಯೂ ಇಲ್ಲ. ಮನೆಯೊಳಗಿನ ವಯರಿನ ಹಾಗೆ ಮೇಲಿನ ಲೈನಿಗೂ ಏನೋ ಒಂದು ಕೋಟಿಂಗ್ ಇದೆ ಎಂದು ತುಂಬಾ ಜನ ತಿಳಿದುಕೊಂಡಿದ್ದಾರೆ. ಇಲ್ಲ, ನಮ್ಮ ಊರಿನ ಹೆಚ್ಚಿನ ಲೈನುಗಳು ಬರೀ ಅಲ್ಯುಮಿನಿಯಂ ತಂತಿ. ಕಂಬದ ತುದಿಯಲ್ಲಿ ಕಾಣುವ ಪಿಂಗಾಣಿಯ ಬುಗುಟುಗಳು ತಂತಿಯನ್ನು ಕಂಬದಿಂದ ಬೇರೆ ಮಾಡುತ್ತವೆ, ನಮ್ಮಿಂದ ಅಲ್ಲ. ನಮ್ಮನ್ನು ತಂತಿಯಿಂದ ಬೇರೆ ಮಾಡುವುದು ನಡುವಿನ ಗಾಳಿ ಮಾತ್ರ.

ಹಾಗಾದರೆ ಕಾಗೆ ಬದುಕುವುದು ಹೇಗೆ? ಕರೆಂಟ್ ಹರಿಯಬೇಕಾದರೆ ಎರಡು ಬಿಂದುಗಳ ನಡುವೆ ವೋಲ್ಟೇಜಿನ ವ್ಯತ್ಯಾಸ ಬೇಕು. ಕಾಗೆಯ ಎರಡೂ ಕಾಲು ಒಂದೇ ತಂತಿಯಲ್ಲಿ, ನಾಲ್ಕೈದು ಸೆಂಟಿಮೀಟರ್ ಅಂತರದಲ್ಲಿ ಇವೆ. ಅಷ್ಟು ಸಣ್ಣ ತುಂಡು ತಂತಿಯ ಪ್ರತಿರೋಧ ಇಲ್ಲವೆಂಬಷ್ಟು ಕಡಿಮೆ, ಹಾಗಾಗಿ ವ್ಯತ್ಯಾಸವೂ ಇಲ್ಲವೆಂಬಷ್ಟು ಕಡಿಮೆ. ಕರೆಂಟಿಗೆ ಕಾಗೆಯೊಳಗೆ ಹೋಗಬೇಕಾದ ಅಗತ್ಯವೇ ಇಲ್ಲ. ಆದರೆ ಬಾವಲಿ ಲೈನಿನಲ್ಲಿ ಸುಟ್ಟು ನೇತಾಡುವುದನ್ನು ನೀವು ನೋಡಿರಬಹುದು. ಅದರ ರೆಕ್ಕೆ ಅಗಲ. ಒಂದು ತಂತಿಯಲ್ಲಿ ಕಾಲು ಇದ್ದಾಗ ರೆಕ್ಕೆ ಇನ್ನೊಂದು ತಂತಿಗೆ ತಾಗುತ್ತದೆ. ಆಗ ಬಾವಲಿಯೇ ಎರಡು ತಂತಿಗಳ ನಡುವಿನ ಸೇತುವೆ.

ನಾವು ಕಾಗೆಯ ಹಾಗಲ್ಲ, ನಮ್ಮ ಕಾಲು ನೆಲದಲ್ಲಿ ಉಂಟು. ಟ್ರಾನ್ಸ್‌ಫಾರ್ಮರನ್ನು ರಸ್ತೆಯಲ್ಲೇ ನಿಂತು ಒಮ್ಮೆ ಸರಿಯಾಗಿ ನೋಡಿ, ಹತ್ತಿರ ಹೋಗಬೇಡಿ. ಅದರಿಂದ ಲೋಹದ ಒಂದು ಪಟ್ಟಿ ಕೆಳಗಿಳಿದು ನೆಲದೊಳಗೆ ಹೋಗಿರುತ್ತದೆ. ಅದು ಅರ್ತ್. ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ತುದಿಯನ್ನು ಹೀಗೆ ಭೂಮಿಗೆ ಸೇರಿಸಿರುತ್ತಾರೆ. ಅಂದರೆ ನೀವು ನಿಂತಿರುವ ಮಣ್ಣು ಕೂಡ ಒಂದು ವಯರೇ. ಲೈನ್ ಮುಟ್ಟಿದವರ ಮೂಲಕ ಕರೆಂಟ್ ಕಾಲಿಗೆ ಇಳಿದು, ಮಣ್ಣಿನಲ್ಲಿ ಹೋಗಿ, ಆ ಪಟ್ಟಿಯಿಂದ ಟ್ರಾನ್ಸ್‌ಫಾರ್ಮರಿಗೆ ವಾಪಾಸು ಸೇರುತ್ತದೆ. ಸರ್ಕ್ಯೂಟ್ ಪೂರ್ತಿಯಾಯಿತು. "ನಾನು ಒಂದೇ ಕೈ ಮುಟ್ಟಿದ್ದು" ಎಂಬ ಮಾತಿಗೆ ಇಲ್ಲಿ ಬೆಲೆ ಇಲ್ಲ.

ಈಗ ಓಮನ ನಿಯಮ. ಮನೆಯ ಲೈನ್ 230 ವೋಲ್ಟ್. ಒಣಗಿದ ಚರ್ಮದ ಪ್ರತಿರೋಧ ಸಾವಿರಾರು ಓಮ್ ಇರುತ್ತದೆ. ಬೆವರು, ಮಳೆ, ಕೆಸರು ಸೇರಿದರೆ ಇಡೀ ದೇಹದ್ದು ಸುಮಾರು 1000 ಓಮಿಗೆ ಇಳಿಯುತ್ತದೆ. 230 ಅನ್ನು 1000ದಿಂದ ಭಾಗಿಸಿ. 0.23 ಆಂಪಿಯರ್, ಅಂದರೆ 230 ಮಿಲಿಆಂಪಿಯರ್. 1 ಮಿಲಿಆಂಪಿಯರ್ ಹರಿದರೆ ಜುಂ ಎನ್ನುತ್ತದೆ. ಹತ್ತು ಹದಿನೈದು ಆದರೆ ಕೈಯ ಸ್ನಾಯು ಬಿಗಿದು ಹಿಡಿದದ್ದನ್ನು ಬಿಡಲಿಕ್ಕೆ ಆಗುವುದಿಲ್ಲ. "ಕರೆಂಟ್ ಎಳೆದು ಹಿಡಿದುಕೊಂಡಿತು" ಅಂತ ಹೇಳುತ್ತಾರಲ್ಲ, ಕರೆಂಟ್ ಯಾರನ್ನೂ ಎಳೆಯುವುದಿಲ್ಲ, ನಮ್ಮ ಸ್ನಾಯುವೇ ನಮ್ಮ ಮಾತು ಕೇಳುವುದನ್ನು ನಿಲ್ಲಿಸುತ್ತದೆ. 50ರಿಂದ 100 ಮಿಲಿಆಂಪಿಯರ್ ಎದೆಯ ಮೂಲಕ ಹೋದರೆ ಹೃದಯದ ಲಯ ತಪ್ಪಿ ಸುಮ್ಮನೆ ಅದುರಲು ಸುರುಮಾಡಬಹುದು. ನಮ್ಮ ಲೆಕ್ಕದಲ್ಲಿ ಬಂದದ್ದು 230.

ಇದು ಮನೆಯ ಲೈನಿನ ಲೆಕ್ಕ. ತೋಟದ ಮೇಲೆ ಹೋಗುವ ಮೂರು ತಂತಿಯ 11 ಕೆ.ವಿ. ಲೈನಿನಲ್ಲಿ ಒಂದು ತಂತಿಗೂ ನೆಲಕ್ಕೂ ಸುಮಾರು 6,350 ವೋಲ್ಟ್ ಇರುತ್ತದೆ (11,000ವನ್ನು 3ರ ವರ್ಗಮೂಲದಿಂದ ಭಾಗಿಸಿ ನೋಡಿ). ಅಲ್ಲಿ ಚರ್ಮ ಒಣಗಿದೆಯೋ ಒದ್ದೆಯೋ ಎಂಬ ಪ್ರಶ್ನೆಯೇ ಇಲ್ಲ. ಚರ್ಮವೇ ಸುಟ್ಟು ತೂತಾಗುತ್ತದೆ.

ಕೈಯಲ್ಲಿರುವ ದೋಟಿ ಯಾವುದರದ್ದು?

ಹಿಂದೆ ಬಿದಿರಿನ ದೋಟಿ ಇತ್ತು. ಆಮೇಲೆ ಅಲ್ಯುಮಿನಿಯಂ ಬಂತು. ಅಲ್ಯುಮಿನಿಯಂ ಅಂದರೆ ಲೈನ್ ಯಾವುದರಿಂದ ಮಾಡಿದ್ದೋ ಅದೇ ಲೋಹ. ಅದನ್ನು ಲೈನಿಗೆ ತಾಗಿಸಿದರೆ ಲೈನನ್ನೇ ನಿಮ್ಮ ಅಂಗೈಯವರೆಗೆ ಎಳೆದು ತಂದ ಹಾಗೆ. ಕಾಳುಮೆಣಸು ಕೊಯ್ಯುವ ಅಲ್ಯುಮಿನಿಯಂ ಏಣಿಗೂ ಬೋರ್‌ವೆಲ್ಲಿನಿಂದ ಮೇಲೆತ್ತುವ ಜಿ.ಐ. ಪೈಪಿಗೂ ಇದೇ ಮಾತು. ಇದು ಎಲ್ಲರಿಗೂ ಅರ್ಥವಾಗುತ್ತದೆ.

ಅರ್ಥವಾಗದೆ ಇರುವುದು ಕಾರ್ಬನ್ ಫೈಬರ್ ದೋಟಿ. ಹಗುರ, ಬಾಗುವುದಿಲ್ಲ, ಕಪ್ಪು ಬಣ್ಣ, ಮುಟ್ಟಿದರೆ ಪ್ಲಾಸ್ಟಿಕ್ಕಿನ ಹಾಗೆ ಇರುತ್ತದೆ. "ಇದು ಫೈಬರ್ ಅಲ್ವಾ, ಕರೆಂಟ್ ಪಾಸಾಗುವುದಿಲ್ಲ" ಎಂದು ಹೇಳುವವರಿದ್ದಾರೆ. ಈ ಒಂದು ಮಾತಿನಷ್ಟು ಅಪಾಯದ ಮಾತು ಇಡೀ ವಿಷಯದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಫೈಬರ್ ಅಂದರೆ ನಾರು, ಅಷ್ಟೇ. ಯಾವುದರ ನಾರು ಎಂದು ಕೇಳಬೇಕು. ಗ್ಲಾಸ್ ಫೈಬರ್ ಗಾಜಿನ ನಾರು, ಅದು ವಿದ್ಯುತ್ ನಿರೋಧಕ. ಕಾರ್ಬನ್ ಫೈಬರ್ ಇಂಗಾಲದ ನಾರು. ಅದರೊಳಗೆ ಇಂಗಾಲದ ಪರಮಾಣುಗಳು ಗ್ರಾಫೈಟಿನ ಹಾಗೆ ಹಾಳೆ ಹಾಳೆಯಾಗಿ ಜೋಡಿಕೊಂಡಿರುತ್ತವೆ. ಗ್ರಾಫೈಟ್ ಅಲೋಹವಾದರೂ ವಿದ್ಯುತ್ ವಾಹಕ ಎಂದು ನೀವು ರಸಾಯನ ವಿಜ್ಞಾನದಲ್ಲಿ ಕಲಿತಿದ್ದೀರಿ, ಪರೀಕ್ಷೆಯಲ್ಲಿ ಬರೆದೂ ಇರುತ್ತೀರಿ. ಅದೇ ವಾಕ್ಯ ನಿಮ್ಮ ತೋಟದಲ್ಲಿ ಉದ್ದಕ್ಕೆ ನಿಂತಿದೆ. ಹೊರಗಿನ ಬಣ್ಣ, ಅಂಟು ಎಲ್ಲ ಟಾರ್ಚಿನ ಸೆಲ್ಲಿಗೆ ತಡೆಯಾದೀತು, 11 ಕೆ.ವಿ.ಗೆ ತಡೆಯಲ್ಲ.

ಇದನ್ನು ಕ್ಲಾಸಿನಲ್ಲಿ ನೋಡಬಹುದು. ಎರಡು ಪೆನ್ಸಿಲ್ ಸೆಲ್ (ಒಟ್ಟು 3 ವೋಲ್ಟ್), ಒಂದು ಕೆಂಪು ಎಲ್‌ಇಡಿ, ಎರಡು ತುಂಡು ವಯರ್, ಎರಡೂ ಕಡೆ ಚೂಪು ಮಾಡಿದ ಒಂದು ಪೆನ್ಸಿಲ್ ಸಾಕು. ಸೆಲ್ಲಿನ ಧನ ತುದಿಯಿಂದ ಪೆನ್ಸಿಲ್ ಕಡ್ಡಿಯ ಒಂದು ತುದಿಗೆ, ಇನ್ನೊಂದು ತುದಿಯಿಂದ ಎಲ್‌ಇಡಿಯ ಉದ್ದ ಕಾಲಿಗೆ, ಗಿಡ್ಡ ಕಾಲಿನಿಂದ ಸೆಲ್ಲಿನ ಋಣ ತುದಿಗೆ ಸೇರಿಸಿ. ಎಲ್‌ಇಡಿ ಉರಿಯುತ್ತದೆ. ಕಡ್ಡಿಯ ಬದಲು ಪೆನ್ಸಿಲ್ಲಿನ ಮರದ ಭಾಗಕ್ಕೆ ವಯರ್ ಹಿಡಿದರೆ ಉರಿಯುವುದಿಲ್ಲ. ಈ ಪ್ರಯೋಗ ಸೆಲ್ಲಿನಲ್ಲಿ ಮಾತ್ರ. ಮನೆಯ ಪ್ಲಗ್ಗಿನ ಹತ್ತಿರ ಪೆನ್ಸಿಲ್ ಕೊಂಡುಹೋದರೆ ಅದು ಪ್ರಯೋಗ ಅಲ್ಲ, ಆತ್ಮಹತ್ಯೆ.

ಹಾಗಾದರೆ ಬಿದಿರು ಒಳ್ಳೆಯದೋ? 3 ವೋಲ್ಟಿಗೆ ಮರ ವಾಹಕ ಅಲ್ಲ ಎಂದು ಈಗಷ್ಟೇ ನೋಡಿದಿರಿ. 6,350 ವೋಲ್ಟಿಗೆ ಅದೇ ಮರದ ವರ್ತನೆ ಬೇರೆ. ಹಸಿ ಬಿದಿರು, ಮಳೆಯಲ್ಲಿ ನೆನೆದ ಬಿದಿರು, ಹಸಿ ಸೋಗೆ, ಒದ್ದೆ ಹಗ್ಗ, ತೆಂಗಿನ ಹಸಿ ಮಡಲು ಇವೆಲ್ಲದರೊಳಗೆ ನೀರೂ ಲವಣವೂ ಉಂಟು. ಕೊಲ್ಲಲು ಬೇಕಾದ ಕರೆಂಟ್ ಎಷ್ಟು ಸಣ್ಣದು ಎಂದು ಮೇಲೆ ಲೆಕ್ಕ ಹಾಕಿದ್ದೇವಲ್ಲ, ಅಷ್ಟನ್ನು ಸಾಗಿಸಲು ಒದ್ದೆ ಬಿದಿರಿಗೂ ಬರುತ್ತದೆ. ಹಲಸಿನಕಾಯಿ ಕೊಯ್ಯುವ ಬಿದಿರಿನ ದೋಟಿಯನ್ನು ನಂಬಿ ಲೈನಿನ ಹತ್ತಿರ ಹೋಗಬಾರದು.

ಎಷ್ಟು ದೂರ ಇದ್ದರೆ ಸಾಕು?

"ಲೈನ್ ನಮ್ಮ ತಲೆಯ ಮೇಲೆ ಇಲ್ಲ, ಆಚೆ ಬದಿಯಲ್ಲಿ ಉಂಟು" ಎಂದು ಸಮಾಧಾನ ಮಾಡಿಕೊಳ್ಳುವುದು ಸಾಮಾನ್ಯ. ಇಲ್ಲಿ ಪೈಥಾಗೊರಸ್ ಬೇಕು. ದೋಟಿ 60 ಅಡಿ, ಸುಮಾರು 18 ಮೀಟರ್. ಅದು ನೇರ ನಿಂತಿರುವಾಗ ತುದಿ ಎಲ್ಲಿಯೋ ಆಕಾಶದಲ್ಲಿ. ಆದರೆ ಗೊನೆ ತುಂಡಾಗುವಾಗ ದೋಟಿ ಜಗ್ಗುತ್ತದೆ, ಕಾಲು ಜಾರಿದರೆ ವಾಲುತ್ತದೆ, ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಓರೆಯಾಗುತ್ತದೆ. ಬೀಳುವಾಗ ಅದರ ತುದಿ 18 ಮೀಟರ್ ತ್ರಿಜ್ಯದ ವೃತ್ತದ ಕಮಾನು ಎಳೆಯುತ್ತದೆ. ಲೈನ್ ನೆಲದಿಂದ 6 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ದೋಟಿಯ ತುದಿ 6 ಮೀಟರಿಗೆ ಇಳಿಯುವಾಗ ಅದು ಬುಡದಿಂದ ಎಷ್ಟು ದೂರದಲ್ಲಿರುತ್ತದೆ? 18ರ ವರ್ಗ 324, 6ರ ವರ್ಗ 36, ಕಳೆದರೆ 288, ಅದರ ವರ್ಗಮೂಲ ಸುಮಾರು 17 ಮೀಟರ್.

17 ಮೀಟರ್ ಅಂದರೆ ಆರೇಳು ಸಾಲು ಅಡಿಕೆ ಮರ. ಅಷ್ಟು ಆಚೆ ಇರುವ ಲೈನ್ ಕೂಡ ದೋಟಿಯ ಕೈಗೆ ಎಟಕುತ್ತದೆ. ಹಾಗಾಗಿ ಒಂದು ಸರಳ ಲೆಕ್ಕ ನೆನಪಿಡಿ. ದೋಟಿ ಎಷ್ಟು ಉದ್ದವೋ ಅಷ್ಟು ದೂರದೊಳಗೆ, ಯಾವ ದಿಕ್ಕಿನಲ್ಲಿ ಲೈನ್ ಇದ್ದರೂ ಅದು ತಲೆಯ ಮೇಲೆ ಇದ್ದ ಹಾಗೆಯೇ.

ಲೈನ್ ಎಷ್ಟು ಎತ್ತರದಲ್ಲಿರಬೇಕು ಎಂಬುದಕ್ಕೆ ನಿಯಮ ಉಂಟು. 11 ಕೆ.ವಿ.ವರೆಗಿನ ಬರಿಯ ತಂತಿ ರಸ್ತೆ ಅಲ್ಲದ ಜಾಗದಲ್ಲಿ, ಅಂದರೆ ತೋಟ ಗದ್ದೆಗಳಲ್ಲಿ, ನೆಲದಿಂದ ಕನಿಷ್ಠ 4.6 ಮೀಟರ್ ಮೇಲಿರಬೇಕು. ರಸ್ತೆಗೆ ಅಡ್ಡವಾಗಿ ಹೋಗುವಾಗ ಮನೆಗಳಿಗೆ ಕೊಡುವ ಲೈನಿಗೆ 5.8 ಮೀಟರ್, 11 ಕೆ.ವಿ.ಗೆ 6.1 ಮೀಟರ್. ಕಟ್ಟಡದ ಬದಿಯಿಂದ 1.2 ಮೀಟರ್ ಅಡ್ಡ ಅಂತರ ಬೇಕು. 4.6 ಮೀಟರ್ ಅಂದರೆ 15 ಅಡಿ. ದೋಟಿಯ ಎದುರು ಅದು ಏನೂ ಅಲ್ಲ. ಈ ನಿಯಮ ನಡೆದುಹೋಗುವ ಮನುಷ್ಯನಿಗೆ, ದೋಟಿ ಹಿಡಿದವನಿಗೆ ಅಲ್ಲ. ಕಂಬ ವಾಲಿ ತಂತಿ ಇನ್ನೂ ಕೆಳಗೆ ಜೋತಿದ್ದರಂತೂ ಕೇಳುವುದೇ ಬೇಡ.

ಕರೆಂಟ್ ಹತ್ತು ಅಡಿ ದೂರದಿಂದ ಹಾರಿ ಬಂದು ಹಿಡಿಯುತ್ತದೆ ಎಂದು ಹೆದರಿಸುವವರೂ ಇದ್ದಾರೆ. ಅದು ಸರಿಯಲ್ಲ. ನಯವಾದ, ಸಮತಟ್ಟಾದ ಲೋಹಗಳ ನಡುವೆ ಒಣ ಗಾಳಿ ಸೆಂಟಿಮೀಟರಿಗೆ ಸುಮಾರು 30,000 ವೋಲ್ಟ್ ತಡೆಯುತ್ತದೆ, ಚೂಪಾದ ತುದಿ ಇದ್ದರೆ ಅದಕ್ಕಿಂತ ಕಡಿಮೆ. 11 ಕೆ.ವಿ.ಯ ಕಿಡಿ ಹಾರುವುದು ಒಂದೆರಡು ಸೆಂಟಿಮೀಟರಿನೊಳಗೆ. ಮೈಲಾಟಿಯ 220 ಕೆ.ವಿ. ಸಬ್‌ಸ್ಟೇಷನ್ನಿಗೆ ಬರುವಂಥ ದೊಡ್ಡ ಟವರ್ ಲೈನುಗಳಲ್ಲಿ ಒಂದು ಅಡಿಯಷ್ಟು ಹಾರಬಹುದು. ಆದರೆ ಗಾಳಿಗೆ ಲೈನ್ ತೂಗುತ್ತದೆ, ದೋಟಿಯ ತುದಿ ಮೀಟರುಗಟ್ಟಲೆ ಅಲ್ಲಾಡುತ್ತದೆ. ಕೆಳಗಿನಿಂದ ನೋಡುವ ಕಣ್ಣಿಗೆ ಅರ್ಧ ಮೀಟರ್ ಅಂತರವೂ ಎರಡು ಮೀಟರ್ ಅಂತರವೂ ಒಂದೇ ಹಾಗೆ ಕಾಣುತ್ತದೆ. ದೂರ ಇಡಬೇಕಾದದ್ದು ಕಿಡಿಗೆ ಹೆದರಿ ಅಲ್ಲ, ನಮ್ಮ ಅಂದಾಜು ತಪ್ಪುತ್ತದೆ ಎಂಬ ಕಾರಣಕ್ಕೆ.

ಇನ್ನೊಂದು ಮಾತು ತೋಟದಲ್ಲಿ ಕೇಳುತ್ತದೆ. "ಕರೆಂಟ್ ಹೋಗಿದೆ, ಬರುವ ಮೊದಲು ಆ ಎರಡು ಮರ ಕೊಯ್ದುಬಿಡುವ." ನಿಮ್ಮ ಮನೆಯ ಫ್ಯಾನ್ ನಿಂತಿತು ಅಂದರೆ ಟ್ರಾನ್ಸ್‌ಫಾರ್ಮರಿನಿಂದ ಮನೆಗೆ ಬರುವ ಲೈನಿನಲ್ಲಿ ಕರೆಂಟ್ ಇಲ್ಲ ಎಂದಷ್ಟೇ ಅರ್ಥ. ತೋಟದ ಮೇಲೆ ಹೋಗುವ 11 ಕೆ.ವಿ. ಲೈನಿನಲ್ಲಿ ಇರಬಹುದು. ಅದು ಬೇರೆ ಊರಿಗೆ ಹೋಗುವ ಬೇರೆಯೇ ಲೈನ್ ಆಗಿರಬಹುದು. ಇಲ್ಲದಿದ್ದರೂ ಮುಂದಿನ ಸೆಕೆಂಡಿನಲ್ಲಿ ಬರಬಹುದು. ಲೈನಿನ ಹತ್ತಿರದ ಮರದ ಕೆಲಸ ಇದ್ದರೆ ಕೆ.ಎಸ್.ಇ.ಬಿ. ಸೆಕ್ಷನ್ ಆಫೀಸಿಗೆ ಮೊದಲೇ ತಿಳಿಸಿ, ಅವರು ಬಂದು ಲೈನ್ ಆಫ್ ಮಾಡಿದೆ ಎಂದು ಹೇಳಿದ ಮೇಲೆಯೇ ಕೈ ಹಾಕಬೇಕು. ಮದ್ದು ಬಿಡುವಾಗಲೂ ಹಾಗೆಯೇ. ಬೋರ್ಡೋ ದ್ರಾವಣ ಬರೀ ನೀರಿಗಿಂತ ಒಳ್ಳೆಯ ವಾಹಕ.

ಲೈನ್ ತುಂಡಾಗಿ ಬಿದ್ದರೆ

ಮಳೆಗಾಲದಲ್ಲಿ ಮರ ಬಿದ್ದು ಲೈನ್ ತುಂಡಾಗುವುದು ನಮ್ಮಲ್ಲಿ ಹೊಸತಲ್ಲ. ಶಾಲೆಗೆ ಹೋಗುವ ಗುಡ್ಡೆಯ ದಾರಿಯಲ್ಲಿ, ತೋಡಿನ ಬದಿಯಲ್ಲಿ ತಂತಿ ಬಿದ್ದಿರುತ್ತದೆ. ಕಿಡಿ ಇಲ್ಲ, ಶಬ್ದ ಇಲ್ಲ. "ಬಿದ್ದ ಕೂಡಲೇ ಫ್ಯೂಸ್ ಹೋಗಿರುತ್ತದೆ" ಎಂದು ದೊಡ್ಡವರೂ ಹೇಳುತ್ತಾರೆ. ಹೋಗಿರುತ್ತದೋ? ಲೆಕ್ಕ ಹಾಕುವ.

230 ವೋಲ್ಟಿನ ಲೈನ್ ಕೆಂಪುಕಲ್ಲಿನ ನೆಲದ ಮೇಲೆ ಬಿದ್ದಿದೆ. ತಂತಿಗೂ ಭೂಮಿಗೂ ನಡುವಿನ ಪ್ರತಿರೋಧ 50 ಓಮ್ ಎಂದುಕೊಳ್ಳಿ. ಒಣ ನೆಲವಾದರೆ ಇದಕ್ಕಿಂತ ಎಷ್ಟೋ ಹೆಚ್ಚು ಇರುತ್ತದೆ. 230 ಭಾಗಿಸು 50, 4.6 ಆಂಪಿಯರ್. ಒಂದು ಕಿಲೋವಾಟಿನ ನೀರು ಕಾಯಿಸುವ ಕೆಟಲ್ ಕೂಡ ಸುಮಾರು 4.3 ಆಂಪಿಯರ್ ಎಳೆಯುತ್ತದೆ. 100 ಕೆ.ವಿ.ಎ. ಟ್ರಾನ್ಸ್‌ಫಾರ್ಮರ್ ಒಂದೊಂದು ಲೈನಿಗೆ ನೂರಕ್ಕೂ ಹೆಚ್ಚು ಆಂಪಿಯರ್ ಕೊಡಲು ತಯಾರಾಗಿದ್ದು, ಅದರ ಫ್ಯೂಸೂ ಅದಕ್ಕೆ ತಕ್ಕಷ್ಟೇ ದಪ್ಪ. ಹಾಗಾಗಿ ಟ್ರಾನ್ಸ್‌ಫಾರ್ಮರಿನ ಮಟ್ಟಿಗೆ ನೆಲಕ್ಕೆ ಬಿದ್ದ ಲೈನೂ ಯಾರದೋ ಮನೆಯಲ್ಲಿ ಚಹಾಕ್ಕೆ ನೀರು ಇಟ್ಟದ್ದೂ ಒಂದೇ. ಫ್ಯೂಸ್ ಹೋಗುವುದಿಲ್ಲ. ತಂತಿ ಗಂಟೆಗಟ್ಟಲೆ ಜೀವಂತವಾಗಿ ಬಿದ್ದಿರಬಹುದು. ಫ್ಯೂಸ್ ಇಟ್ಟಿರುವುದು ವಯರೂ ಟ್ರಾನ್ಸ್‌ಫಾರ್ಮರೂ ಸುಡದ ಹಾಗೆ, ನಿಮಗಾಗಿ ಅಲ್ಲ. ಮನೆಯೊಳಗೆ ಮನುಷ್ಯರಿಗಾಗಿ ಇರುವುದು ಇ.ಎಲ್.ಸಿ.ಬಿ. ಅಥವಾ ಆರ್.ಸಿ.ಸಿ.ಬಿ. ಎಂಬ ಪೆಟ್ಟಿಗೆ. ಹೋದ ಕರೆಂಟಿಗೂ ವಾಪಾಸು ಬಂದ ಕರೆಂಟಿಗೂ 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೆ ಅದು ಲೈನ್ ಕಡಿಯುತ್ತದೆ. ಅದರಲ್ಲಿ ಟೆಸ್ಟ್ ಎಂದು ಬರೆದ ಗುಂಡಿ ಇರುತ್ತದೆ, ತಿಂಗಳಿಗೊಮ್ಮೆ ಮನೆಯ ದೊಡ್ಡವರ ಹತ್ತಿರ ಒತ್ತಿ ನೋಡಲು ಹೇಳಿ. ಆದರೆ ಅದು ಕಾಯುವುದು ಅದರ ನಂತರದ ವಯರನ್ನು ಮಾತ್ರ. ತೋಟದಲ್ಲಿ ಬಿದ್ದ ಲೈನಿನ ವಿಷಯ ಅದಕ್ಕೆ ಗೊತ್ತೇ ಆಗುವುದಿಲ್ಲ.

11 ಕೆ.ವಿ. ಲೈನಿಗೆ ಸಬ್‌ಸ್ಟೇಷನ್ನಿನಲ್ಲಿ ರಿಲೇ ಇರುತ್ತದೆ, ಹೆಚ್ಚಿನ ಸಲ ಅದು ಲೈನ್ ಕಡಿಯುತ್ತದೆ. ಒಣ ಬಂಡೆಯ ಮೇಲೋ ಮರದ ಮೇಲೋ ಬಿದ್ದರೆ ಕರೆಂಟ್ ಸಾಕಷ್ಟು ಹರಿಯದೆ ರಿಲೇಗೂ ಗೊತ್ತಾಗದೆ ಹೋಗಬಹುದು. ಕಡಿದ ಲೈನಿಗೆ ಪರೀಕ್ಷೆಗಾಗಿ ಮತ್ತೊಮ್ಮೆ ಕರೆಂಟ್ ಕೊಡುವುದೂ ಉಂಟು.

ಮುಟ್ಟದೆ ದೂರ ನಿಂತರೆ ಆಯಿತಲ್ಲ ಅಂತ ಕೇಳಬಹುದು. ಎಷ್ಟು ದೂರ ಎಂಬುದೇ ಪ್ರಶ್ನೆ. ತಂತಿ ತಾಗಿದ ಜಾಗದಿಂದ ಕರೆಂಟ್ ಮಣ್ಣಿನಲ್ಲಿ ಎಲ್ಲ ದಿಕ್ಕಿಗೂ ಹರಡುತ್ತದೆ, ಕೆರೆಗೆ ಕಲ್ಲು ಹಾಕಿದಾಗ ಉಂಗುರ ಹರಡಿದ ಹಾಗೆ. ದೂರ ಹೋದಂತೆ ನೆಲದ ವೋಲ್ಟೇಜ್ ಇಳಿಯುತ್ತದೆ. ದೂರ ಎರಡು ಪಟ್ಟಾದರೆ ವೋಲ್ಟೇಜ್ ಸುಮಾರು ಅರ್ಧ. 1 ಮೀಟರಿನಲ್ಲಿ 480 ವೋಲ್ಟ್ ಇದೆ ಎಂದುಕೊಂಡರೆ 2 ಮೀಟರಿನಲ್ಲಿ 240, 4ರಲ್ಲಿ 120, 8ರಲ್ಲಿ 60, 9ರಲ್ಲಿ 53. ಈಗ ಒಬ್ಬ ಹುಡುಗ ಒಂದು ಕಾಲು 1 ಮೀಟರಿನಲ್ಲಿ, ಇನ್ನೊಂದು ಕಾಲು 2 ಮೀಟರಿನಲ್ಲಿ ಇಟ್ಟು ಓಡುತ್ತಿದ್ದಾನೆ. ಅವನ ಎರಡು ಕಾಲುಗಳ ನಡುವೆ 240 ವೋಲ್ಟ್! ತಂತಿ ಮುಟ್ಟಿಲ್ಲ, ಆದರೂ ಮನೆಯ ಲೈನ್ ಮುಟ್ಟಿದ ಹಾಗೆ ಆಯಿತು. ಅವನೇ 8 ಮತ್ತು 9 ಮೀಟರಿನ ನಡುವೆ ಹೆಜ್ಜೆ ಇಟ್ಟಿದ್ದರೆ 7 ವೋಲ್ಟ್ ಮಾತ್ರ.

ಇದಕ್ಕೇ ಬಿದ್ದ ಲೈನಿನಿಂದ ಕಡಿಮೆಯೆಂದರೆ 10 ಮೀಟರ್ ದೂರ ಇರಬೇಕು ಎನ್ನುವುದು. ಗೊತ್ತಾಗದೆ ಹತ್ತಿರ ಬಂದಿದ್ದೀರಿ, ಕಾಲು ಜುಂ ಎಂದಿತು ಅಂತ ಇಟ್ಟುಕೊಳ್ಳಿ. ಓಡಬೇಡಿ. ಎರಡೂ ಪಾದ ಜೋಡಿಸಿ, ನೆಲದಿಂದ ಎತ್ತದೆ, ಹಿಮ್ಮಡಿಯಿಂದ ಬೆರಳಿನಷ್ಟು ಮಾತ್ರ ಜರುಗಿಸುತ್ತಾ ಬಂದ ದಾರಿಯಲ್ಲೇ ಹಿಂದೆ ಬನ್ನಿ. ನೋಡಲಿಕ್ಕೆ ನಗು ಬರಬಹುದು. ಪಾದಗಳು ಹತ್ತಿರ ಇದ್ದಷ್ಟೂ ಅವುಗಳ ನಡುವಿನ ವೋಲ್ಟೇಜ್ ಕಡಿಮೆ. ದನಗಳು ಇಂಥ ಕಡೆ ಬೇಗ ಸಾಯುವುದಕ್ಕೂ ಇದೇ ಕಾರಣ. ಅವುಗಳ ಮುಂಗಾಲಿಗೂ ಹಿಂಗಾಲಿಗೂ ದೂರ ಹೆಚ್ಚು, ನಡುವಿನ ದಾರಿಯಲ್ಲಿ ಹೃದಯವೂ ಉಂಟು. ದನ ಬಿದ್ದಿದೆ ಎಂದು ಹಗ್ಗ ಹಿಡಿದು ಓಡಬೇಡಿ.

ದೂರ ನಿಂತು, ಆಚೆಯಿಂದ ಈಚೆಯಿಂದ ಬರುವವರನ್ನು ತಡೆಯಿರಿ. ಒಬ್ಬರು ಫೋನ್ ಮಾಡಿ. 1912 ದೇಶದಲ್ಲೆಲ್ಲ ನಡೆಯುವ ಕರೆಂಟಿನ ದೂರಿನ ನಂಬ್ರ. ಅಪಾಯ ತಿಳಿಸಲೆಂದೇ ಕೆ.ಎಸ್.ಇ.ಬಿ.ಗೆ 9496010101 ಎಂಬ ನಂಬ್ರವೂ ಇದೆ. ಹತ್ತಿರದ ಕಂಬದಲ್ಲಿ ಬಣ್ಣದಲ್ಲಿ ಬರೆದ ನಂಬ್ರ ದೂರದಿಂದ ಕಂಡರೆ ಅದನ್ನು ಹೇಳಿ, ಜಾಗ ಹುಡುಕುವುದು ಸುಲಭವಾಗುತ್ತದೆ. ಆಚೆ ಕಡೆಯವರಿಗೆ ಕನ್ನಡ ಬಾರದಿದ್ದರೆ ತಡವರಿಸಬೇಡಿ. "ಲೈನ್ ಪೊಟ್ಟಿ ವೀಣು ಕಿಡಕ್ಕುನ್ನು" ಎಂದು ಹೇಳಿ ಊರಿನ ಹೆಸರು ಹೇಳಿದರೆ ಸಾಕು. ಈ ಒಂದು ಮಲಯಾಳ ವಾಕ್ಯ ಬಾಯಿಪಾಠ ಇರಲಿ.

ಶೀಟಿನ ಮೇಲಿನ ಚಪ್ಪಲಿ

2025ರ ಜುಲೈ 17ರಂದು ಕೊಲ್ಲಂ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಎಂಟನೇ ತರಗತಿಯ ಹುಡುಗನೊಬ್ಬ ತೀರಿಕೊಂಡ ಸುದ್ದಿ ನೀವು ಕೇಳಿರಬಹುದು. ಆಟವಾಡುವಾಗ ಚಪ್ಪಲಿ ಸೈಕಲ್ ಶೆಡ್ಡಿನ ಶೀಟಿನ ಮೇಲೆ ಬಿತ್ತು. ತೆಗೆಯಲು ಹತ್ತಿದ. ಶೀಟಿನ ಮೇಲೆಯೇ ಲೈನ್ ಹೋಗಿತ್ತು. ಅಷ್ಟು ಕೆಳಗೆ ಲೈನ್ ಇದ್ದದ್ದು, ಅದರ ಕೆಳಗೆ ಶೆಡ್ ಇದ್ದದ್ದು ದೊಡ್ಡವರ ತಪ್ಪು, ಹುಡುಗನದ್ದಲ್ಲ. ಆದರೆ ದೊಡ್ಡವರು ಸರಿಮಾಡುವವರೆಗೆ ನಿಮ್ಮ ಜೀವ ಕಾಯುವುದು ನಿಮಗೆ ಗೊತ್ತಿರುವ ವಿಷಯವೇ. ಶೀಟಿನ ಮೇಲೆ, ಟೆರೇಸಿನ ಮೇಲೆ, ಲೈನಿನ ಪಕ್ಕದ ಪೇರಳೆ ಮರದ ಮೇಲೆ ಹೋದಾಗ ನಿಮ್ಮ ಎತ್ತರ ಬದಲಾಗಿರುತ್ತದೆ, ಲೈನಿನದ್ದು ಬದಲಾಗಿರುವುದಿಲ್ಲ. ಚಪ್ಪಲಿ, ಚೆಂಡು, ಗಾಳಿಪಟ ಯಾವುದಾದರೂ ಅಲ್ಲಿರಲಿ, ಮಾಷ್ಟ್ರನ್ನೋ ಟೀಚರನ್ನೋ ಕರೆಯಿರಿ.

ಹಂದಿಗೆ ಇಡುವ ಬೇಲಿಯ ಬಗ್ಗೆಯೂ ಎರಡು ಮಾತು. ಅದೇ ವರ್ಷ ಜೂನಿನಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಹತ್ತನೇ ತರಗತಿಯ ಹುಡುಗನೊಬ್ಬ ಮೀನು ಹಿಡಿಯಲು ಹೋದವನು ಹಂದಿಗೆ ಕಟ್ಟಿದ ಕರೆಂಟ್ ತಂತಿ ತಾಗಿ ತೀರಿಹೋದ. ಸರಿಯಾದ ಸೋಲಾರ್ ಬೇಲಿಯ ಯಂತ್ರ ಸೆಕೆಂಡಿಗೊಮ್ಮೆ ಕ್ಷಣಮಾತ್ರದ ಹೊಡೆತ ಕೊಡುತ್ತದೆ, ನಡುವೆ ಕೈ ಬಿಡಿಸಿಕೊಳ್ಳಲು ಸಮಯ ಸಿಗುತ್ತದೆ. ಲೈನಿನಿಂದ ನೇರ ಎಳೆದ ತಂತಿ ಬಿಡುವುದಿಲ್ಲ. ಹಾಗೆ ಎಳೆಯುವುದು 2003ರ ವಿದ್ಯುಚ್ಛಕ್ತಿ ಕಾಯ್ದೆಯಲ್ಲಿ ಅಪರಾಧ. ಕತ್ತಲೆಗೆ ತೋಡಿನ ಬದಿ, ಗದ್ದೆಯ ಅಂಚಿನಲ್ಲಿ ಗಿಡ್ಡಕ್ಕೆ ಕಟ್ಟಿದ ತಂತಿ ಕಂಡರೆ ದಾಟಬೇಡಿ, ಮನೆಯಲ್ಲಿ ಹೇಳಿ.

ಯಾರಿಗಾದರೂ ಶಾಕ್ ಹೊಡೆದರೆ

ಹಿಡಿದು ಎಳೆಯಬೇಕು ಅನ್ನಿಸುತ್ತದೆ. ತಮ್ಮನೋ ಅಮ್ಮನೋ ಆಗಿದ್ದರೆ ಯೋಚನೆ ಮಾಡಲಿಕ್ಕೂ ಸಮಯ ಇರುವುದಿಲ್ಲ, ಅದಕ್ಕೇ ಈಗ ಯೋಚಿಸಿ ಇಡಬೇಕು. ಅವರನ್ನು ಮುಟ್ಟಿದ ಕೂಡಲೇ ನೀವೂ ಅದೇ ಸರ್ಕ್ಯೂಟಿನ ಭಾಗ.

ಮನೆಯೊಳಗೆ, ಪಂಪ್ ಶೆಡ್ಡಿನಲ್ಲಿ ಆದರೆ ಮೊದಲು ಮೆಯಿನ್ ಸ್ವಿಚ್ ಆಫ್ ಮಾಡಿ. ಮೆಯಿನ್ ಸ್ವಿಚ್ ಎಲ್ಲಿದೆ ಎಂದು ನಿಮಗೆ ಗೊತ್ತುಂಟಾ? ಗೊತ್ತಿಲ್ಲದಿದ್ದರೆ ಇವತ್ತೇ ನೋಡಿ. ಆಫ್ ಮಾಡಲು ಆಗದಿದ್ದರೆ ಒಣಗಿದ ಜಾಗದಲ್ಲಿ ನಿಂತು ಒಣ ಮರದ ಕೋಲಿನಿಂದಲೋ ಪ್ಲಾಸ್ಟಿಕ್ ಕುರ್ಚಿಯಿಂದಲೋ ವಯರನ್ನು ದೂಡಬಹುದು. ಇದು ಮನೆಯ ಲೈನಿಗೆ ಮಾತ್ರ. ತೋಟದಲ್ಲಿ ದೋಟಿ ಹಿಡಿದವರು 11 ಕೆ.ವಿ.ಗೆ ಸಿಕ್ಕಿದ್ದರೆ ಯಾವ ಕೋಲೂ ಬೇಡ. ದೂರ ನಿಂತು ಕೂಗಿ, ಫೋನ್ ಮಾಡಿ, ಲೈನ್ ಆಫ್ ಆಗಿದೆ ಎಂದು ಕೆ.ಎಸ್.ಇ.ಬಿ.ಯವರು ಹೇಳುವವರೆಗೆ ಯಾರನ್ನೂ ಹತ್ತಿರ ಬಿಡಬೇಡಿ. ಓದಲಿಕ್ಕೆ ಇದು ಕ್ರೂರವಾಗಿ ಕಾಣುತ್ತದೆ, ನನಗೂ ಬರೆಯಲಿಕ್ಕೆ ಕಷ್ಟವೇ. ಆದರೆ ಬಿಡಿಸಲು ಹೋದ ಎರಡನೆಯವರೂ ಬಿದ್ದರೆ ಫೋನ್ ಮಾಡಲು ಯಾರೂ ಉಳಿಯುವುದಿಲ್ಲ.

ಕರೆಂಟಿನಿಂದ ಬಿಡುಗಡೆಯಾದವರ ದೇಹದಲ್ಲಿ ಕರೆಂಟ್ ಉಳಿದಿರುವುದಿಲ್ಲ, ಹೆದರದೆ ಮುಟ್ಟಬಹುದು. ಮಾತಾಡಿಸಿದರೆ ಉತ್ತರ ಇಲ್ಲ, ಉಸಿರಾಟ ಇಲ್ಲ ಎಂದಾದರೆ 108ಕ್ಕೆ ಅಥವಾ 112ಕ್ಕೆ ಒಬ್ಬರು ಫೋನ್ ಮಾಡುತ್ತಿರುವಾಗಲೇ ಇನ್ನೊಬ್ಬರು ಎದೆ ಒತ್ತಲು ಸುರುಮಾಡಬೇಕು. ಗಟ್ಟಿ ನೆಲದಲ್ಲಿ ಅಂಗಾತ ಮಲಗಿಸಿ, ಎದೆಯ ನಡುವೆ ಒಂದರ ಮೇಲೊಂದು ಅಂಗೈ ಇಟ್ಟು, ಮೊಣಕೈ ಮಡಚದೆ, 5 ಸೆಂಟಿಮೀಟರಿನಷ್ಟು ಕೆಳಗೆ ಹೋಗುವ ಹಾಗೆ ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬಾರದು, ಸುಸ್ತಾದರೆ ಕೈ ಬದಲಿಸಿಕೊಳ್ಳಿ. ಶಾಕ್ ಹೊಡೆದವರನ್ನು ಮಣ್ಣಿನಲ್ಲಿ ಹೂಳುವ ಪದ್ಧತಿ ಕೆಲವು ಕಡೆ ಉಂಟು. ಮಣ್ಣು ಯಾವ ಕರೆಂಟನ್ನೂ ಹೀರುವುದಿಲ್ಲ, ಎದೆ ಒತ್ತಬೇಕಾದ ನಿಮಿಷಗಳನ್ನು ಹೀರುತ್ತದೆ. ಎದ್ದು ಕೂತು "ನನಗೆ ಏನೂ ಆಗಿಲ್ಲ" ಅಂದವರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಹೊರಗೆ ಸಣ್ಣ ಸುಟ್ಟ ಕಲೆ ಇದ್ದು ಒಳಗೆ ದೊಡ್ಡ ಗಾಯ ಇರಬಹುದು, ಹೃದಯದ ಲಯವನ್ನೂ ನೋಡಬೇಕಾಗುತ್ತದೆ.

ಮನೆಯಲ್ಲಿ ಮಾಡಿ ತನ್ನಿ

1. ನಿಮ್ಮ ತೋಟದ ಅಥವಾ ಮನೆಯ ಸುತ್ತಲಿನ ಒಂದು ನಕ್ಷೆ ಬರೆಯಿರಿ. ಕಂಬಗಳು, ಅವುಗಳ ನಂಬ್ರ, ಲೈನ್ ಹೋಗುವ ದಾರಿ ಗುರುತಿಸಿ. ಮೂರು ತಂತಿ ಇದೆಯೋ, ನಾಲ್ಕೈದು ತಂತಿ ಇದೆಯೋ, ಕಪ್ಪು ಹೊದಿಕೆಯ ಕೇಬಲ್ ಇದೆಯೋ ಬರೆಯಿರಿ. ಎಲ್ಲವನ್ನೂ ನೆಲದಲ್ಲಿ ನಿಂತೇ ನೋಡಬೇಕು, ಯಾವುದನ್ನೂ ಕೋಲಿನಿಂದ ಅಳೆಯಬಾರದು. ಮನೆಯಲ್ಲಿ ದೋಟಿ ಇದ್ದರೆ ಅದರ ಉದ್ದ ಕೇಳಿ ತಿಳಿದು, ಲೈನಿನ ಎರಡೂ ಬದಿಗೆ ಅಷ್ಟು ದೂರ ಕೆಂಪು ಬಣ್ಣ ಹಾಕಿ. ಆ ನಕ್ಷೆಯನ್ನು ದೋಟಿ ಹಿಡಿಯುವವರಿಗೆ ತೋರಿಸಿ, ಅವರು ಏನು ಹೇಳಿದರು ಎಂದು ಕೆಳಗೆ ಬರೆಯಿರಿ.

2. ಬಿದ್ದ ಲೈನಿನಿಂದ 2 ಮೀಟರಿನಲ್ಲಿ ದನದ ಮುಂಗಾಲು, 3.5 ಮೀಟರಿನಲ್ಲಿ ಹಿಂಗಾಲು ಇವೆ. ಮೇಲಿನ ಲೆಕ್ಕದ ಪ್ರಕಾರ ಅವುಗಳ ನಡುವಿನ ವೋಲ್ಟೇಜ್ ಎಷ್ಟು?

3. 13 ಮೀಟರಿನ ದೋಟಿ, 5 ಮೀಟರ್ ಎತ್ತರದಲ್ಲಿ ಲೈನ್, ನಡುವಿನ ಅಡ್ಡ ದೂರ 12.5 ಮೀಟರ್. ಸಮತಟ್ಟಾದ ನೆಲದಲ್ಲಿ ದೋಟಿ ಬಿದ್ದರೆ ಲೈನಿಗೆ ತಾಗುತ್ತದೋ? ನಮ್ಮ ತೋಟಗಳು ಸಮತಟ್ಟಲ್ಲ ಅಲ್ವಾ? ದೋಟಿ ಹಿಡಿದವರು 3 ಮೀಟರ್ ಎತ್ತರದ ಮೇಲಿನ ತಟ್ಟಿನಲ್ಲಿ ನಿಂತಿದ್ದರೆ ಏನಾಗುತ್ತದೆ? ಚಿತ್ರ ಬರೆದು ಉತ್ತರಿಸಿ, ವಿಜ್ಞಾನ ಮಾಷ್ಟ್ರಿಗೋ ಟೀಚರಿಗೋ ತೋರಿಸಿ.